ಬಿಟ್ಟುಕೊಟ್ಟ ಒಂದು ಚೊಂಬು ನೀರು

ಅಕ್ಕನ ಮಗುವನ್ನು ಬೇಸಗೆಯ ಬಾಯಿಂದ ಬಿಡಿಸಿದವನು ನಾನು ಎಂದು ನಮ್ಮ ಮನೆಯಲ್ಲಿ ಒಂದು ಕಥೆ ಇದೆ. ಮದ್ದೂರಿನ ನಮ್ಮ ಜಗಲಿಯಲ್ಲಿ ಯಾವ ನೆಂಟರು ಬಂದು ಕೂತರೂ ಅವ್ವ ಅದನ್ನು ಹೇಳದೆ ಬಿಡುವುದಿಲ್ಲ. "ಇವ್ನು ಕಾಲೇಜ್ ಓದಿದ್ದು ಸಾರ್ಥಕ ಆಯ್ತು ಕಣಮ್ಮ. ಇವ್ನು ವಾದ ಮಾಡ್ದೆ ಇದ್ದಿದ್ರೆ ಮಗ ನಮ್ಗೆ ದಕ್ತಿರ್ಲಿಲ್ಲ." ನೆಂಟರು ನನ್ನನ್ನು ನೋಡುತ್ತಾರೆ, ನಾನು ನೆಲ ನೋಡುತ್ತೇನೆ, ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ಸಾಕ್ಷಿಯಿಲ್ಲದೆ ಯಾವ ಮಾತನ್ನೂ ಒಪ್ಪಬಾರದೆಂದು ಕಂಡಕಂಡವರಿಗೆ ಬೋಧಿಸುವ ನಾನು, ಈ ಒಂದು ಕಥೆಯನ್ನು ಮಾತ್ರ ಪಾಟೀಸವಾಲು ಮಾಡದೆ ಮೂರು ವರ್ಷ ಬಿಟ್ಟಿದ್ದೇನೆ.

ಈಗ ಪುರುಸೊತ್ತು ಇದೆ. ಕೆಲಸ ಸಿಕ್ಕಿ ಮಂಡ್ಯದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಬೀದಿಯಲ್ಲಿ ಹೋಗುವ ಕಬ್ಬಿನ ಗಾಡಿಗಳ ಕಿರುಗುಟ್ಟುವಿಕೆ ಬಿಟ್ಟರೆ ನನ್ನನ್ನು ಮಾತಾಡಿಸುವ ಸದ್ದಿಲ್ಲ. ಮೂಲೆಯಲ್ಲಿ ಒಂದು ಮಡಕೆ ನೀರು. ಬೆಳಿಗ್ಗೆ ನಾನೇ ತುಂಬುತ್ತೇನೆ, ಸಂಜೆ ಬಂದು ನಾನೇ ಕುಡಿಯುತ್ತೇನೆ. ವಾದಿ ನಾನು, ಪ್ರತಿವಾದಿ ಗೋಡೆ. ಗೋಡೆ ಇದುವರೆಗೆ ಸೋತಿಲ್ಲ. ಎಷ್ಟೋ ದಿನ ತಲೆನೋವು ಬಂದ ಮೇಲೆ, ಮಧ್ಯಾಹ್ನದಿಂದ ನೀರೇ ಕುಡಿದಿಲ್ಲವೆಂದು ಹೊಳೆಯುತ್ತದೆ. ಮನೆಯಲ್ಲಿದ್ದಾಗ ಬಾಯಾರಿಕೆ ನನ್ನದು, ಅದರ ಜ್ಞಾಪಕ ಇನ್ನೊಬ್ಬರದು. ಇಲ್ಲಿ ಎರಡೂ ನನ್ನ ಪಾಲಿಗೇ ಬಂದಿವೆ.

ಆ ವರ್ಷ ಮೈಸೂರಿನ ಕಾಲೇಜಿನಿಂದ ಬೇಸಗೆ ರಜಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲಿತ್ತು. ಮನೆಯಲ್ಲಿ ಅಕ್ಕ ಇದ್ದಳು, ಬಾಣಂತನಕ್ಕೆ ಬಂದವಳು. ಮಗಳಿಗೆ ಎರಡು ತಿಂಗಳು. ಹೊರಗೆ ಕಾಗೆ ಕೂಡ ಬಾಯಿ ತೆರೆದು ಕೂರುವಂಥ ಬಿಸಿಲು. ಒಳಗೆ ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಅಕ್ಕನ ಕಿವಿಗೆ ಬಿಗಿದ ಬಟ್ಟೆ. ಅವಳಿಗೆ ಊಟದ ಜೊತೆಗೆ ಒಂದು ಲೋಟ ಬಿಸಿನೀರು, ಅದರ ಮೇಲೆ ಹನಿಯೂ ಇಲ್ಲ. ಮಗು ಅಳುತ್ತಲೇ ಇತ್ತು.

ಇಂಥ ವಿಷಯ ಸಿಕ್ಕರೆ ನಾನು ಬಿಟ್ಟೇನೆ? ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಏರಿದ ಮೇಲೆ ನಮ್ಮ ಕಡೆಯ ಹುಡುಗರಿಗೆಲ್ಲ ಸ್ವಾತಂತ್ರ್ಯ ಬಾಯಿಪಾಠವಾಗಿತ್ತು. ಪಡಸಾಲೆಯಲ್ಲಿ ನಿಂತು, ತಾಯಿಗೂ ಮಗುವಿಗೂ ನೀರು ಬೇಕು ಎಂದು ಮಂಡಿಸಿದೆ.

"ಬಾಣಂತಿ ನೀರ್ ಕುಡುದ್ರೆ ಮಗೀಗೆ ಸೀತ ಆಯ್ತದೆ ಕಣ್ಲಾ," ಅಂದಳು ಅವ್ವ. "ನೀನೇನ್ ಎತ್ತಿದ್ದೀಯಾ, ಸಾಕಿದ್ದೀಯಾ?"

ಈ ಪ್ರಶ್ನೆಗೆ ಯಾವ ತರ್ಕಶಾಸ್ತ್ರದಲ್ಲೂ ಉತ್ತರವಿಲ್ಲ. ಎರಡು ದಿನ ಸೋತೆ. ಮೂರನೆಯ ದಿನ ಸ್ಪರ್ಧೆಗಳಲ್ಲಿ ಕಲಿತ ಪಟ್ಟು ಹಾಕಿದೆ. ಎದುರಾಳಿ ಬಿಗಿಯಾಗಿರುವ ಕಡೆ ಒಂದು ಅಂಶ ಬಿಟ್ಟುಕೊಟ್ಟು, ಸಡಿಲವಾಗಿರುವ ಕಡೆ ಇನ್ನೊಂದನ್ನು ಗೆಲ್ಲುವ ಪಟ್ಟು ಅದು. "ಸರಿ ಕಣವ್ವ, ಅಕ್ಕನ ನೀರಿನ ಮಾತು ಬಿಡ್ತೀನಿ. ಮಗೀಗಾದ್ರೂ ಕೊಡು."

ಅವ್ವ ಯೋಚಿಸಿದಳು. "ಆಳಾಗೋಗ್ಲಿ, ಆಗಾಗ ಒಂದೊಂದ್ ಒಳಲೆ ಆಕುವ ಬುಡು."

ಒಳಲೆ ಎಂದರೆ ಎಳೆಮಕ್ಕಳ ಬಾಯಿಗೆ ಹನಿಹನಿಯಾಗಿ ಬಿಡುವ ಮೂತಿಯ ಪುಟ್ಟ ಪಾತ್ರೆ. ನೀರು ಕಾಸಿ, ಆರಿಸಿ, ನನ್ನ ಬಹುಮಾನದ ಬಟ್ಟಲಲ್ಲೇ ತುಂಬಿ ಇಟ್ಟೆ. ಗೆದ್ದದ್ದಕ್ಕೆ ಗುರುತು ಬೇಡವೆ? ಅಕ್ಕ ಕತ್ತಲೆ ಕೋಣೆಯ ಬಾಗಿಲಿಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು. ಏನೂ ಅನ್ನಲಿಲ್ಲ. ಒಪ್ಪಿದಳು ಎಂದು ಲೆಕ್ಕ ಹಾಕಿದೆ. ನಮ್ಮ ಹಳೆಯ ತಾರ್ಕಿಕರು ನಿಜ ತಿಳಿಯಲು ಆಡುವುದನ್ನು ವಾದವೆಂದೂ, ಗೆಲ್ಲಲು ಆಡುವುದನ್ನು ಜಲ್ಪವೆಂದೂ, ಎದುರಾಳಿಯನ್ನು ಕೆಡಹಲಷ್ಟೇ ಆಡುವುದನ್ನು ವಿತಂಡವೆಂದೂ ಕರೆದರು. ಬಾಯಾರಿದವಳು ಬಾಗಿಲಲ್ಲಿ ನಿಂತು ಕೇಳುತ್ತಿರುವಾಗ ಅವಳ ನೀರನ್ನೇ ಪಣಕ್ಕಿಟ್ಟು ಆಡುವುದಕ್ಕೆ ಅವರು ಹೆಸರಿಡಲಿಲ್ಲ.

ಒಳಲೆ ಬಿದ್ದ ಮೇಲೆ ಮಗು ಸುಮ್ಮನಾಯಿತು. "ನೋಡಿದ್ಯಾ ಅವ್ವ?" ಎಂದು ಬೀಗಿದೆ. ಮರುದಿನ ಇನ್ನೂ ಸುಮ್ಮನಾಯಿತು. ಅದರ ಮಾರನೆಯ ದಿನ ಮೊಲೆಗೆ ಹಿಡಿದರೂ ಬಾಯಿ ಹಾಕದೆ, ಎಬ್ಬಿಸಿದರೂ ಕಣ್ಣು ಬಿಡದೆ ಬಾಡಿದ ಎಲೆಯ ಹಾಗೆ ಮಲಗಿಬಿಟ್ಟಿತು.

ಆ ಹೊತ್ತಿಗೆ ಎದುರು ಮನೆಯ ಬೀಬಮ್ಮ ಮೊರ ಹಿಂದಿರುಗಿಸಲು ಬಂದಳು. ಜಟಕಾ ಸಾಬರ ಹೆಂಡತಿ, ತಗಡಿನ ಸೂರಿನ ಕೆಳಗೆ ಆರು ಮಕ್ಕಳನ್ನು ಸಾಕಿದವಳು. ಮಗುವಿನ ಅಡಿಯ ಬಟ್ಟೆ ಮುಟ್ಟಿ ನೋಡಿದಳು. ನೆತ್ತಿ ಸವರಿದಳು; ಅಲ್ಲಿ ಕುಳಿ ಬಿದ್ದಿತ್ತು.

"ಬೆಳಗ್ಗಿಂದ ಒದ್ದೆ ಮಾಡೈತಾ?"

ಯಾರಿಗೂ ಗೊತ್ತಿರಲಿಲ್ಲ. ಅವಳ ಕಣ್ಣು ಬೆಳ್ಳಿ ಬಟ್ಟಲಿನ ಮೇಲೆ ಬಿತ್ತು.

"ಇದ್ಯಾವ ಬುದ್ವಂತನ ಕೆಲ್ಸ? ಇಷ್ಟ್ ಚಿಕ್ಕ ಒಟ್ಟೆಗೆ ನೀರ್ ತುಂಬುದ್ರೆ ಆಲು ಎಲ್ಲಿ ಇಡ್ಸುತ್ತೆ? ಆಲಲ್ಲೇ ನೀರೈತೆ ಕಣಪ್ಪ. ನೀರ್ ಕೊಡ್ಬೇಕಾಗಿರೋದು ಅವ್ವುನ್ಗೆ." ಹೇಳುತ್ತಲೇ ಕಿಟಕಿಯ ಕಂಬಳಿ ಎಳೆದು ಹಾಕಿದಳು. "ಈ ಕೆಂಡ ಆಚೆಗಿಡಿ. ನಮ್ಮೋರು ಗಾಡಿ ಕಟ್ತಾರೆ, ಈಗ್ಲೇ ಡಾಕ್ಟ್ರತ್ರ ಓಗಿ."

"ಸೀತ ಆದ್ರೆ?" ಅಂದಳು ಅವ್ವ, ಸಣ್ಣ ದನಿಯಲ್ಲಿ.

"ಸೀತ ಆದ್ರೆ ಔಸ್ದಿ ಐತೆ ಕಣಕ್ಕ. ಮಗೀನೇ ಇಲ್ದಿದ್ರೆ ಯಾರ್ಗೆ ಕುಡುಸ್ತೀಯ?"

ಜಟಕಾದಲ್ಲಿ ಅಕ್ಕ ಒಂದು ಚೊಂಬು ನೀರನ್ನು ಕೆಳಗಿಳಿಸದೆ ಕುಡಿದಳು. ದಾರಿಯಲ್ಲಿ ನಿಲ್ಲಿಸಿ ಇನ್ನೊಂದು ತುಂಬಿಸಿದೆವು; ಅದನ್ನೂ ಕುಡಿದಳು. ಮನುಷ್ಯರು ಹಾಗೆ ನೀರು ಕುಡಿಯುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಡಾಕ್ಟರು ಸಂಜೆಯವರೆಗೆ ಇರಿಸಿಕೊಂಡು ನೋಡಿದರು. ಮಗುವಿಗೆ ನೀರು ಬೇಡ, ಗಳಿಗೆಗೊಮ್ಮೆ ಮೊಲೆಗೆ ಹಾಕಿ, ತಾಯಿಗೆ ಬೇಕಾದಷ್ಟು ಕುಡಿಯಲು ಕೊಡಿ ಅಂದರು. ಬೀಬಮ್ಮನ ಮಾತನ್ನೇ ಕನ್ನಡಕ ಹಾಕಿಕೊಂಡು ಹೇಳಿದ ಹಾಗಿತ್ತು. ಮಗು ಮೊದಲು ಎರಡು ಗುಟುಕು ಚೀಪಿ ಸೋತಿತು, ಮತ್ತೆ ಚೀಪಿತು, ಆಮೇಲೆ ಬಿಡಲೇ ಇಲ್ಲ. ಸೂರ್ಯ ಇಳಿಯುವ ಹೊತ್ತಿಗೆ ನನ್ನ ತೊಡೆಯ ಮೇಲೆ ಮಲಗಿ ಹೊಸ ಪಂಚೆಯನ್ನು ಧಾರಾಳವಾಗಿ ನೆನೆಸಿತು. ಅವ್ವ ಆ ಒದ್ದೆಗೆ ಕೈ ಮುಗಿದಳು. ನನಗೆ ಬಂದ ಬಹುಮಾನಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ.

ಇದರಲ್ಲಿ ನಾನು ಉಳಿಸಿದ್ದು ಏನು? ಒಮ್ಮೆ ಅವ್ವನನ್ನು ತಿದ್ದಲು ಹೋದೆ. "ನೀರು ನೀರು ಅಂತ ಬಡ್ಕೊಂಡೋನು ನೀನೇ ಅಲ್ವೇನ್ಲಾ?" ಅಂದುಬಿಟ್ಟಳು. ಹೌದು, ನಾನೇ. ಹಾಗೆ ಕಥೆಯಲ್ಲಿ ವಾದ ಉಳಿಯಿತು, ಬೀಬಮ್ಮ ಮೊರದ ಸಮೇತ ಹೊರಗೆ ಹೋದಳು, ಅಕ್ಕನಂತೂ ಮೊದಲಿಂದ ಕಥೆಯೊಳಗೆ ಇರಲೇ ಇಲ್ಲ.

ಹೋದ ವಾರ ಮಳವಳ್ಳಿಗೆ, ಅವಳ ಗಂಡನ ಮನೆಗೆ ಹೋಗಿದ್ದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಜಗಲಿಯಲ್ಲಿ ಕೂತೆ. ಮೂರು ವರ್ಷದ ಸೋದರಸೊಸೆ ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ಗುರುತು ಸಿಗದೆ ಒಳಗೆ ಓಡಿದಳು. ಅಕ್ಕ ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು.

"ಮೊಕ ಎಲ್ಲಾ ಬತ್ತೋಗೈತಲ್ಲೋ. ಮೊದ್ಲು ಕುಡಿ, ಆಮೇಲೆ ಮಾತು."

ಕುಡಿದೆ. ಕುಡಿಯುತ್ತಿದ್ದಷ್ಟು ಹೊತ್ತೂ ಅವಳು ನಿಂತು ನೋಡುತ್ತಿದ್ದಳು. ಖಾಲಿ ಚೊಂಬನ್ನು ಅವಳ ಕೈಗೆ ಕೊಡುತ್ತಾ, ಸಭೆಗಳಲ್ಲಿ ಯಾರಿಗೂ ಇಷ್ಟು ಅಂಜಿ ಕೇಳದ ನಾನು, ಕೇಳಿದೆ:

"ಅಕ್ಕಾ, ಅವತ್ತು ನಾನು ನಿನ್ನ ನೀರು ಬಿಟ್ಟುಕೊಟ್ನಲ್ಲಾ, ಬಾಗ್ಲಲ್ಲಿ ನಿಂತಿದ್ದೆಯಲ್ಲಾ, ಆಗ ನಿಂಗೆ ಎಷ್ಟು ಬಾಯಾರಿತ್ತು?"