ಉಪ್ಪೋ, ಕಿಣ್ವವೋ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ‘ಉಪ್ಪಕ್ಕ’ ಆಗಲೇ ಮೂರನೆಯ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ. ನೋಡುತ್ತಾರೆ, ಏಳುತ್ತಾರೆ, ಬಾಗಿಲವರೆಗೆ ಹೋಗಿ ಮರಳುತ್ತಾರೆ. ಸಾಸಿವೆಗಿಂತ ಚಿಕ್ಕ ಹನಿಯೊಳಗೆ ಒಂದೇ ಒಂದು ಹರಳು ಮಿನುಗುತ್ತಿದೆ. ನಿನ್ನೆ ಅದರ ಅಂಚೆಲ್ಲ ಚೂಪಾಗಿತ್ತು. ಇಂದು ಒಂದು ಮೂಲೆ ಕರಗತೊಡಗಿದೆ.

“ನಲವತ್ತೊಂದು ದಿನ ಕಾದಿದ್ದೀನಿ. ಈಗ ಕೈಕೊಡೋ ಹಾಗಿದೆ,” ಎನ್ನುತ್ತಾರೆ, ಕಣ್ಣೆತ್ತದೆ.

ಬ್ಯಾಕ್ಟೀರಿಯಾದ ಕಿಣ್ವಗಳನ್ನು ಹರಳುಗಟ್ಟಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಈ ಸಲದ ಕಿಣ್ವದ ಮೂಲ, ಯಾವ ಆ್ಯಂಟಿಬಯೋಟಿಕ್‌ಗೂ ಬಗ್ಗದೆ ರೋಗಿಯನ್ನು ಕೊಂದ ಒಂದು ಸೋಂಕು. ಪೆನಿಸಿಲಿನ್ ಬಗೆಯ ಔಷಧದ ಅಣುವಿನಲ್ಲಿ ನಾಲ್ಕು ಪರಮಾಣುಗಳ ಪುಟ್ಟ ಉಂಗುರವಿರುತ್ತದೆ. ಕಿಣ್ವ ಅದನ್ನು ತನ್ನ ಸಂದಿಗೆ ಎಳೆದುಕೊಂಡು ಒಡೆಯುತ್ತದೆ. ಒಡೆದ ಮೇಲೆ ಔಷಧ ಇದ್ದೂ ಇಲ್ಲದಂತೆ. ಹರಳಿಗೆ ಎಕ್ಸ್-ರೇ ಹಾಯಿಸಿದರೆ ಆ ಸಂದಿಯ ಆಕಾರ ತಿಳಿಯುತ್ತದೆ, ಅದನ್ನು ಮುಚ್ಚುವ ಅಣುವನ್ನು ಹುಡುಕಬಹುದು.

ದಿನಕ್ಕೆ ಹತ್ತು ತಟ್ಟೆ, ತಟ್ಟೆಗೆ ತೊಂಬತ್ತಾರು ಹನಿ. ಬಹುಪಾಲು ಹನಿಗಳಲ್ಲಿ ಏನೂ ಇರುವುದಿಲ್ಲ. ಇದ್ದರೂ ಮೋಸ: ದ್ರಾವಣದ ಉಪ್ಪೇ ಹರಳುಗಟ್ಟಿ ಥೇಟ್ ಕಿಣ್ವದಂತೆ ಹೊಳೆಯುತ್ತದೆ. ಸೇರಿದ ಮೊದಲ ವರ್ಷ ಅಂಥದೊಂದನ್ನು ಸಂಭ್ರಮದಿಂದ ಎಕ್ಸ್-ರೇಗೆ ಕಳಿಸಿದ್ದರು. ‘ಉಪ್ಪಕ್ಕ’ ಅಂದು ಅಂಟಿದ ಹೆಸರು. ಮನೆಯಲ್ಲಿ ಅತ್ತೆಯ ರಾಗವೇ ಬೇರೆ: “ಹರಳು ಹರಳು ಅಂತ ಕಣ್ಣು ಕಳ್ಕೊಂಡೆ, ಒಂದು ಜೊತೆ ಓಲೆಗಾದ್ರೂ ಆಯ್ತೇನೇ?”

ಈ ಸಲ ಕಿಣ್ವದ ದಾಸ್ತಾನು ಮುಗಿದಿದೆ. ಕಳಿಸಿದ ಮೂರು ಹರಳೂ ಉಪ್ಪಾಗಿದ್ದವು. ಇದೂ ಉಪ್ಪಾದರೆ ಈ ಕಿಣ್ವವನ್ನೇ ಕೈಬಿಡುವುದು ಎಂದಿದ್ದಾರೆ ಮುಖ್ಯ ವಿಜ್ಞಾನಿ. ಸೂಜಿಯಿಂದ ಚುಚ್ಚಿದರೆ ಈಗಲೇ ತಿಳಿಯುತ್ತದೆ. ಉಪ್ಪು ಕಟಕ್ಕೆನ್ನುತ್ತದೆ, ಕಿಣ್ವ ಸದ್ದಿಲ್ಲದೆ ಪುಡಿಯಾಗುತ್ತದೆ. ಆದರೆ ತಿಳಿದ ಮೇಲೆ ಹರಳೇ ಉಳಿಯುವುದಿಲ್ಲ.

“ಚುಚ್ಚಿಬಿಡಿ ಅಕ್ಕಾ. ಮತ್ತೆ ಉಪ್ಪಾದ್ರೆ ಮಾನ ಹೋಗುತ್ತೆ,” ಎನ್ನುತ್ತಾಳೆ ಕಿಣ್ವ ತಯಾರಿಸಿಕೊಡುವ ಸಂಶೋಧನಾ ವಿದ್ಯಾರ್ಥಿನಿ.

“ನನ್ನ ಮಾನಕ್ಕೆ ಆಗ್ಲೇ ಉಪ್ಪು ಹಾಕಿಟ್ಟಿದ್ದಾರಮ್ಮ, ಕೆಡಲ್ಲ ಬಿಡು.”

ಸೂಜಿ ಪಕ್ಕಕ್ಕೆ ಸರಿಯುತ್ತದೆ. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ತೆಳುವಾದ ಕುಣಿಕೆಯಲ್ಲಿ ಹರಳನ್ನೆತ್ತಿ, ಇನ್ನು ಕರಗದಂತೆ ದ್ರವ ಸಾರಜನಕಕ್ಕೆ ಅದ್ದುತ್ತಾರೆ. ಬೆಳ್ಳನೆಯ ಹಬೆ ಏಳುತ್ತದೆ.

ಹನ್ನೊಂದು ಗಂಟೆಗೆ ಎಕ್ಸ್-ರೇ ಕೋಣೆ. ಉಪ್ಪಾದರೆ ಪರದೆಯ ಮೇಲೆ ದೂರದೂರ ನಾಲ್ಕಾರು ಚುಕ್ಕೆ, ಕಿಣ್ವವಾದರೆ ಒತ್ತೊತ್ತಾಗಿ ನೂರಾರು. ಉಪ್ಪಕ್ಕ ಪರದೆಗೆ ಬೆನ್ನು ಹಾಕಿ, ಸೆರಗಿನ ತುದಿ ತಿರುಚುತ್ತ ನಿಂತಿದ್ದಾರೆ.

“ಅಕ್ಕಾ, ಎಣಿಸೋಕೇ ಆಗ್ತಿಲ್ಲ!”

ತಿರುಗುತ್ತಾರೆ. ಕನ್ನಡಕ ಒರೆಸಿ ಹಾಕಿಕೊಂಡು, ಪರದೆಯ ಮೂಲೆಮೂಲೆಯನ್ನೂ ನೋಡುತ್ತಾರೆ. ನಗು ಬಂದು, ನಿಲ್ಲದೆ ಹೋಗುತ್ತದೆ.

“ಇದು ಕಿಣ್ವದ ಖಾಲಿ ಬಾಯಿ ಕಣೇ, ಆ ಸಂದಿ ಅಷ್ಟೇ. ಔಷಧಿ ಬಾಯಲ್ಲಿರೋವಾಗ್ಲೇ ಒಂದ್ಸಲ ಹರಳಾಗಿ ಹಿಡೀಬೇಕು. ನನಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಹೊಸ ಕಿಣ್ವ ಯಾವಾಗ ಕೊಡ್ತೀಯ, ಹೇಳು.”