ಮೆಚ್ಚುಗೆ ಬೇಡದ ನಾಯಕಿ

ಹೊಳೆನರಸೀಪುರದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಚೂಡಾಮಣಿಯವರು 2004ರಲ್ಲಿ ಒಂದು ಕಂಪ್ಯೂಟರ್ ತಂದರು. ಕಲಿಯುವವರು ಬರುವ ಮೊದಲೇ ಅದರಲ್ಲಿದ್ದ ಒಂದು ಯುದ್ಧದ ಆಟ ಅವರಿಗೆ ಹಿಡಿಸಿಬಿಟ್ಟಿತು. ಆಟದಲ್ಲಿ ಅವರೇ ನಾಯಕಿ, ಜೊತೆಗೆ ನಾಲ್ವರು ಸಂಗಡಿಗರು. ನಾಯಕಿಯ ಮಾತು ಹಿಡಿಸಿದರೆ ಸಂಗಡಿಗರ ಮೆಚ್ಚುಗೆಯ ಅಂಕ ಏರುತ್ತದೆ. ಹಿಡಿಸದಿದ್ದರೆ ಇಳಿಯುತ್ತದೆ, ತೀರಾ ಇಳಿದರೆ ತಂಡ ಬಿಟ್ಟೇ ಹೋಗುತ್ತಾರೆ.

ಕೊನೆಯ ಕೋಟೆಯ ಬಾಗಿಲಲ್ಲಿ, ತಂಡದ ಬಲವೆಲ್ಲ ತಾನೇ ಎಂದುಕೊಂಡಿದ್ದ ಮೀಸೆಯ ಖಡ್ಗವೀರ ಹಟ ಹಿಡಿದ. ಆಶ್ರಯ ಕೇಳಿ ಬಂದ ಹುಡುಗಿಯನ್ನು ಶತ್ರುಗಳಿಗೆ ಒಪ್ಪಿಸಬೇಕಂತೆ.

ಕಾಫಿಗೆಂದು ಬಂದಿದ್ದ ಅಣ್ಣ ಸಂಪತ್ಕುಮಾರರು ಬೆನ್ನ ಹಿಂದೆ ನಿಂತಿದ್ದರು. ಯಾರ ಮನಸ್ಸನ್ನೂ ನೋಯಿಸದೆ ಊರಿನ ಮೂರು ಸಮಿತಿಗಳಿಗೆ ಅಧ್ಯಕ್ಷರಾಗಿದ್ದವರು ಅವರು.

"ಹೂಂ ಅಂದ್ಬಿಡು ಚೂಡಾ. ಅವನಿಲ್ದೆ ಕೋಟೆ ಗೆಲ್ಲಕ್ಕಾಗುತ್ಯೇ?"

"ಗೆಲ್ಲದಿದ್ರೆ ಬೇಡ. ಹುಡುಗೀನ ಕೊಡಲ್ಲ."

"ಹೆಣ್ಣು ನೋಡಕ್ಕೆ ಬಂದೋರ ಮುಂದೂ ತಲೆ ತಗ್ಗಿಸ್ಲಿಲ್ಲ ನೀನು. ದೊಡ್ಡವರ ಮಾತಿಗೆ ಬೆಲೆ ಇಲ್ದಿರೋ ಕಡೆ ನಾನು ನಿಲ್ಲಲ್ಲಮ್ಮ!"

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗಣ್ಣ, ಧೂಳು ಬರುತ್ತೆ."

ಚೂಡಾಮಣಿಯವರು ‘ಒಪ್ಪಿಸುವುದಿಲ್ಲ’ ಎಂಬ ಉತ್ತರ ಒತ್ತಿದರು. ತೆರೆಯ ಮೇಲೆ ಖಡ್ಗವೀರನೂ ಹೊರಟ. ಇಬ್ಬರ ಬೆನ್ನಲ್ಲೂ ಒಂದೇ ಗತ್ತಿತ್ತು.

ಚೂಡಾಮಣಿಯವರು ಉಳಿದ ಮೂವರನ್ನು ಕಟ್ಟಿಕೊಂಡು ಕೋಟೆಗೆ ನುಗ್ಗಿ, ಎರಡೇ ನಿಮಿಷದಲ್ಲಿ ಸತ್ತರು. ಆಟ ಮತ್ತೆ ಅದೇ ಬಾಗಿಲಿನಿಂದ ಶುರುವಾಯಿತು. ಖಡ್ಗವೀರ ಮೀಸೆ ತಿರುವಿ ಅದೇ ಹಟ ಹಿಡಿದ. ಅವರು ಕುರ್ಚಿ ಮುಂದಕ್ಕೆಳೆದುಕೊಂಡು, ಮೊದಲಿನ ಉತ್ತರವನ್ನೇ ಇನ್ನಷ್ಟು ಜೋರಾಗಿ ಒತ್ತಿದರು.