ಬೇವಿನ ಕವಲಿನ ಡಬ್ಬಿ

ಸುಟ್ಟ ಹಗ್ಗದ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಮೂಗಿಗೆ ಬಂದರೆ ಮಾತ್ರ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಮೊನ್ನೆ ತುರ್ವಿಹಾಳದ ಹತ್ತಿರ ನಮ್ಮ ಗದ್ದೆಯಲ್ಲಿ ಹಾಗೇ ಆಯಿತು. ಕಾಲುವೆಯಿಂದ ನೀರೆತ್ತುವ ಡೀಸೆಲ್ ಪಂಪು ಕೆಟ್ಟು ಕೂತಿತ್ತು. ಸಿಂಧನೂರಿನಿಂದ ಬಂದ ಮೆಕ್ಯಾನಿಕ್ ಅದನ್ನು ಬಿಚ್ಚಿ, ಒಳಗಿನ ಹಗ್ಗವನ್ನು ಕೊಕ್ಕೆಯಿಂದ ತುಂಡು ತುಂಡಾಗಿ ಕೀಳುತ್ತಿದ್ದ. ಕರ್ರಗೆ ಮುರುಟಿದ ಒಂದು ತುಂಡು ನನ್ನ ಕಾಲ ಬಳಿ ಬಿತ್ತು. ಎತ್ತಿ ಮೂಸಿದೆ. "ಅವ್ವಾ, ಅದನ್ಯಾಕ ಮೂಸ್ತಿ" ಎಂದು ಮಗ ಬೈದ. ನಾನು ಮೂಸುತ್ತಲೇ ಇದ್ದೆ... ಚಾಚಾ ಎದುರಿಗೆ ಬಂದು ನಿಂತ ಹಾಗಾಯಿತು.

ಲಿಂಗಸುಗೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು. ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು. ಮಾವನವರದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ನನ್ನ ಗಂಡ ಸಿಂಧನೂರಿನ ಒಂದು ಅಡತಿ ಅಂಗಡಿಯಲ್ಲಿ ಇರುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹೀಗಾಗಿ ನನಗೆ ದಿನವಿಡೀ ಜೊತೆಯಾಗಿದ್ದದ್ದು ಅತ್ತೆಯ ಕಣ್ಣು ಮತ್ತು ಇಂಜಿನ್ನಿನ ಸದ್ದು. ಎರಡೂ ಬೆಳಗಾದರೆ ಶುರುವಾಗುತ್ತಿದ್ದವು.

ಆ ಇಂಜಿನ್ನನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯನ್ನೇ ನಾವೆಲ್ಲ ಚಾಚಾ ಎನ್ನುತ್ತಿದ್ದದ್ದು. ಐವತ್ತು ದಾಟಿದ ಮನುಷ್ಯ, ಸಣಕಲು ಮೈ, ಅಂಗೈ ಮಾತ್ರ ರೊಟ್ಟಿಯಷ್ಟು ಅಗಲ. ನಿಜಾಮರ ರಾಜ್ಯ ಹೋಗುವಾಗಿನ ಗಲಾಟೆಯಲ್ಲಿ ಅವರ ಅಣ್ಣತಮ್ಮಂದಿರು ಊರು ಬಿಟ್ಟು ಹೋಗಿದ್ದರಂತೆ. ಇವರು ಹೋಗಲಿಲ್ಲ. ಇಂಜಿನ್ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಮಾವನವರ ಮುಂದೆ ಹೇಳಿದ್ದರಂತೆ.

ಇಂಜಿನ್ನಿನ ಮೈ ಕಾಯದ ಹಾಗೆ ಸದಾ ನೀರು ಹರಿಯುತ್ತಿರಬೇಕು. ಅದಕ್ಕೆಂದೇ ಹಿತ್ತಲಿನ ಬಾವಿಯ ಪಕ್ಕ, ತಗಡಿನ ಇಳಿಜಾರಿನ ಕೆಳಗೆ, ಇಂಜಿನ್ನಿನ ಗಾಲಿಗೆ ಹಾಕಿದ ಪಟ್ಟಾದಿಂದ ತಿರುಗುವ ಒಂದು ಸಣ್ಣ ಪಂಪಿತ್ತು. ಅದು ಬಾವಿಯ ನೀರನ್ನು ಎಳೆದು ಇಂಜಿನ್ನಿನ ಹೊಟ್ಟೆಯೊಳಗೆ ಹಾಯಿಸುತ್ತಿತ್ತು. ಆ ನೀರು ಬಿಸಿಯಾಗಿ ಹಿತ್ತಲಿನ ಕಲ್ಲುಬಾನಿಗೆ ಬಂದು ಬೀಳುತ್ತಿತ್ತು. ಓಣಿಯ ಹೆಂಗಸರೆಲ್ಲ ಅದರಲ್ಲೇ ಬಟ್ಟೆ ಒಗೆಯುವುದು. ಚಾಚಾ ಗಳಿಗೆಗೊಮ್ಮೆ ಬಂದು, ಬೀಳುವ ನೀರಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾಡಿ ನೋಡುವ ವೈದ್ಯರ ಗತ್ತು. ಬಟ್ಟೆ ಒಗೆಯುವವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಬಾವಿಗೆ ಇಳಿಬಿಟ್ಟ ಕೊಳವೆಯ ಬಾಯಿಗೆ ಕಸ ಹೋಗದಂತೆ ಬಟ್ಟೆ ಕಟ್ಟುತ್ತಿದ್ದರು. ಹಳೆಯ ನೂಲಿನ ಸೀರೆ ಇದ್ದರೆ ಕೊಡಿ ಎಂದು ಕೇಳಲು ಬಂದಾಗಲೇ ನಮಗೆ ಮಾತು ಬೆಳೆದದ್ದು. ಎರಡು ದಿನಕ್ಕೊಮ್ಮೆ ಆ ಬಟ್ಟೆ ಬಿಚ್ಚಿ, ಪಾಚಿ ಒಗೆದು, ಮತ್ತೆ ಕಟ್ಟುವುದನ್ನು ನಾನು ಪಾತ್ರೆ ತಿಕ್ಕುತ್ತ ನೋಡುತ್ತಿದ್ದೆ. ಪಂಪಿನ ದಂಡ ಒಳಗೆ ಹೋಗುವ ಕಡೆ ನೀರು ಸೋರದಂತೆ, ಗಾಳಿ ನುಗ್ಗದಂತೆ ನೂಲಿನ ಹಗ್ಗ ಸುತ್ತಿ ಬಿಗಿಯುತ್ತಿದ್ದರು. ಅದಕ್ಕೆ ಡೋರಿ ಎನ್ನುತ್ತಿದ್ದರು. ಬಹಳ ಬಿಗಿದರೆ ಸುಡುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಹನಿ ಹನಿಯಾಗಿ ತೊಟ್ಟಿಕ್ಕುತ್ತಿದ್ದರೆ ಅದೇ ಸರಿ. ಯಾರೂ ಕೇಳದ ಈ ಪಾಠವನ್ನು ಅವರು ನನಗೆ ಹೇಳಿದರು. ನನ್ನನ್ನು ಏನಾದರೂ ಗೊತ್ತಾಗುವ ಹೆಂಗಸು ಎಂದು ಆ ಮನೆಯಲ್ಲಿ ಮೊದಲು ತಿಳಿದವರು ಅವರೇ.

ಡೋರಿ ಬದಲಿಸುವ ದಿನ ಚಾಚಾ ಹಿತ್ತಲ ಗೋಡೆಯಾಚೆ ಹೋಗಿ ಬರುತ್ತಿದ್ದರು. ಅಲ್ಲೊಂದು ಬೇವಿನ ಮರ. ಅದರ ಕವಲಿನಲ್ಲಿ ಒಂದು ತಗಡಿನ ಡಬ್ಬಿ ಇಟ್ಟಿರುತ್ತಿದ್ದರು. ಡಬ್ಬಿಯನ್ನು ಎಂದೂ ಗೋಡೆಯ ಈಚೆ ತಂದವರಲ್ಲ. ಹಗ್ಗವನ್ನು ಅಲ್ಲೇ ಅದ್ದಿ ತಂದು, ಬಿಗಿದು, ಆಮೇಲೆ ಬೂದಿ ಹಚ್ಚಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಆ ದಿನ ಹಿಟ್ಟು ಬೀಳುವ ಕಡೆ ಹಾಯುತ್ತಲೂ ಇರಲಿಲ್ಲ. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿಯಲ್ಲ ನಾನು. ಆ ವರ್ಷ ನಾಗರ ಅಮಾವಾಸ್ಯೆಯ ಬೆಳಿಗ್ಗೆ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ.

ಚಾಚಾ ಸುಳ್ಳು ಹೇಳಲಿಲ್ಲ. ಕುರಿ ಚರಬಿ ಎಂದರು.

ನಮ್ಮದು ಲಿಂಗಪೂಜೆಯಾಗದೆ ಬಾಯಿಗೆ ನೀರು ಬಿಡದ ಮನೆ. ಮರುದಿನದಿಂದ ಶ್ರಾವಣ. ಹಿಟ್ಟಿಗೂ ಆ ಪಂಪಿಗೂ ಒಂದು ಹಿತ್ತಲಿನಷ್ಟು ದೂರವಿದೆ, ನಡುವೆ ಗೋಡೆಯಿದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಔಡಲೆಣ್ಣೆ ಹಚ್ಚಿರಿ, ಈ ಕೊಬ್ಬು ಬೇಡ ಎಂದೆ. ಔಡಲೆಣ್ಣೆ ನಿಲ್ಲುವುದಿಲ್ಲ, ಕಾವಿಗೆ ಇಳಿದು ಹೋಗುತ್ತದೆ, ಹಗ್ಗ ಒಣಗಿ ಗಾಳಿ ಎಳೆಯುತ್ತದೆ, ನೀರು ನಿಂತು ಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಅತ್ತೆಗೆ ಗೊತ್ತಾದರೆ ಈ ಗಿರಣಿಯ ಹಿಟ್ಟನ್ನು ಯಾರು ತಿನ್ನುತ್ತಾರೆ ಎಂದೆ ನಾನು. ಕೇಳಿಕೊಂಡೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿಸಿದೆ ಎಂಬುದೇ ನಿಜ. ಆ ಕಾಲದಲ್ಲಿ ಅವರಂಥವರಿಗೆ ಅಷ್ಟು ಮಾತು ಸಾಕಾಗುತ್ತಿತ್ತು.

ಚಾಚಾ ನೆಲ ನೋಡಿದರು. ಆಮೇಲೆ ಅಂದರು: "ಮನಿ ನಿಮ್ದು, ನೇಮ ನಿಮ್ದು. ಆದ್ರ ಅವ್ವಾರ, ತಾಸಿಗೆ ಮೂರು ಸಲ ಎಣ್ಣಿ ಬಿಡಬೇಕ್ರಿ. ನಾ ಇಲ್ದಾಗ ನೀವ ಬಿಡಬೇಕು."

ನಾನು ಒಪ್ಪಿದೆ. ಹಳೆಯ ಡೋರಿ ತೆಗೆದು, ಔಡಲೆಣ್ಣೆಯಲ್ಲಿ ಅದ್ದಿದ ಹೊಸದನ್ನು ಬಿಗಿದರು. ಉದ್ದ ಮೂತಿಯ ಎಣ್ಣೆಗಿಂಡಿಯನ್ನು ನನ್ನ ಕೈಗೇ ಕೊಟ್ಟರು. ಎರಡು ದಿನ ನನ್ನಷ್ಟು ಶ್ರದ್ಧೆಯ ಸೊಸೆ ಮಸ್ಕಿಯಲ್ಲಿ ಇನ್ನೊಬ್ಬಳಿರಲಿಲ್ಲ. ಪಂಪಿಗೆ ಎಣ್ಣೆ ಬಿಟ್ಟು ಬಂದು ಮತ್ತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ.

ಪಂಚಮಿ ಎದುರಿಗಿತ್ತು. ಉಂಡಿಗೆ ಹಿಟ್ಟು ಮಾಡಿಸಲು ಜನವೋ ಜನ. ಗುರುಗುಂಟಾದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಇಂಜಿನ್ ನಿಲ್ಲಿಸುವ ಹಾಗೇ ಇರಲಿಲ್ಲ. ಅಂದು ಶುಕ್ರವಾರ. ಮಧ್ಯಾಹ್ನ ಚಾಚಾ ನಮಾಜಿಗೆ ಹೊರಡುವಾಗ ಹಿತ್ತಲಿಗೆ ಬಂದು, ನೀರಿಗೆ ಅಂಗೈ ಒಡ್ಡಿ ನೋಡಿ, ಎಣ್ಣೆಗಿಂಡಿಯ ಕಡೆ ಕೈ ತೋರಿಸಿ ಹೋದರು. ಅವರು ಹೋದ ಬೆನ್ನಿಗೇ ಅಣ್ಣ ಬಂದ.

ತವರಿಗೆ ಕರೆದೊಯ್ಯಲು ಬಂದಿದ್ದ. ಪಂಚಮಿಗೆ ಅಣ್ಣ ಬರುವುದೆಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಅವ್ವ ಕೊಟ್ಟ ಬುತ್ತಿಯ ಗಂಟು ಬಿಚ್ಚಿದೆ, ತಂಗಿಯ ಸುದ್ದಿ ಕೇಳಿದೆ, ಜೋಕಾಲಿ ಯಾವ ಮರಕ್ಕೆ ಕಟ್ಟಿದ್ದಾರೆ ಎಂದು ಕೇಳಿದೆ, ನಕ್ಕೆ... ಎಣ್ಣೆ ನೆನಪಾಗಲಿಲ್ಲ. ಒಂದು ಸಲವೂ ಆಗಲಿಲ್ಲ.

ಮೊದಲು ಬಂದದ್ದು ವಾಸನೆ. ಒಲೆಯ ಮೇಲೆ ಏನೋ ಸೀದಿತು ಎಂದುಕೊಂಡು ಅಡುಗೆಮನೆಗೆ ಓಡಿದೆ, ದಡ್ಡಿ. ಅಷ್ಟರಲ್ಲಿ ಇಂಜಿನ್ನಿನ ಸದ್ದು ಬೇರೆಯಾಯಿತು. ಹಿತ್ತಲಿಗೆ ಬಂದರೆ ಪಂಪು ತಿರುಗುತ್ತಿದೆ, ಬಾನಿಗೆ ಬೀಳುವ ಕೊಳವೆಯಲ್ಲಿ ಹನಿ ನೀರಿಲ್ಲ. ಮಸೀದಿ ಎರಡು ಓಣಿಯಾಚೆ. ಅಲ್ಲಿಂದಲೇ ಸದ್ದು ಬದಲಾದದ್ದನ್ನು ಕೇಳಿಸಿಕೊಂಡು ಚಾಚಾ ಬರಿಗಾಲಲ್ಲಿ ಓಡಿ ಬಂದರು. ನಮಾಜನ್ನು ಅರ್ಧಕ್ಕೇ ಬಿಟ್ಟಿದ್ದರು. ಅವರು ಇಂಜಿನ್ನಿಗೆ ಕೈ ಹಾಕುವ ಮೊದಲೇ ಒಳಗಿನಿಂದ ಬಂಡೆ ಒಡೆದ ಹಾಗೆ ಒಂದು ಸದ್ದಾಯಿತು. ನೀರಿಲ್ಲದೆ ಕಾದು ಇಂಜಿನ್ನಿನ ತಲೆ ಸೀಳಿತ್ತು.

ಗಿರಣಿಯ ತುಂಬ ಇದ್ದ ಜನ ಮಾವನವರ ಹಿಂದೆ ಹಿತ್ತಲಿಗೆ ಬಂದರು. ನೀರು ಯಾಕೆ ನಿಂತಿತು ಎಂದು ಮಾವನವರು ಕೇಳಿದರು. ಅವರು ಕೂಗುವ ಮನುಷ್ಯರಲ್ಲ. ಮೆಲ್ಲಗೆ ಕೇಳಿದ್ದರಿಂದ ಎಲ್ಲರಿಗೂ ಕೇಳಿಸಿತು. ನಾನು ಹಿತ್ತಲ ಬಾಗಿಲ ಮರೆಯಲ್ಲಿ ನಿಂತಿದ್ದೆ. ಕೈಯಲ್ಲಿ ಅವ್ವನ ಬುತ್ತಿಯ ಬಟ್ಟೆ ಇತ್ತು. ಚಾಚಾ ಪಂಪಿನ ಹತ್ತಿರ ಹೋಗಿ ಸುಟ್ಟ ಹಗ್ಗದ ಎಳೆಯೊಂದನ್ನು ಬೆರಳಿನಿಂದ ಎಳೆದು, ಮುಟ್ಟಿ ನೋಡಿದರು. ಎಣ್ಣೆಯೇ ಇಲ್ಲವೆಂದು ಅವರಿಗೆ ತಿಳಿಯಿತು. ತಲೆಯೆತ್ತಿ ನನ್ನ ಕಡೆ ಒಮ್ಮೆ ನೋಡಿದರು. ಒಮ್ಮೆ ಮಾತ್ರ.

"ನನ್ನ ಕೈ ತಪ್ಪೈತ್ರಿ ಸಾವ್ಕಾರ್ರ" ಎಂದರು.

ನಿಜ ಹೇಳಿದ್ದರೆ ಡಬ್ಬಿಯ ಮಾತು ಹೊರಗೆ ಬರುತ್ತಿತ್ತು. ಇಷ್ಟು ವರ್ಷ ಚರಬಿ ಹಚ್ಚಿದ್ದ ಪಂಪು ಎಂದರೆ ಆ ಜನ ಹಿಟ್ಟು ಚೆಲ್ಲಿ ಹೋಗುತ್ತಿದ್ದರು, ಗಿರಣಿ ಮುಚ್ಚುತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದ ಸೊಸೆಯ ಗತಿ ಏನಾಗುತ್ತಿತ್ತೋ. ಇದೆಲ್ಲವನ್ನೂ ಆ ಒಂದು ನೋಟದಲ್ಲಿ ಅವರು ಲೆಕ್ಕ ಹಾಕಿದ್ದರು. ನನಗೆ ಅಷ್ಟು ಬುದ್ಧಿ ಆಗ ಓಡಲಿಲ್ಲ. ಬದುಕಿಕೊಂಡೆ ಎಂದಷ್ಟೇ ಅನಿಸಿತು. ಗುಂಪಿನಲ್ಲಿ ಯಾರೋ, ಬೇಕಂತಲೇ ಮಾಡ್ಯಾನ, ಇವರ ಜಾತಿನ ಇಷ್ಟು ಎಂದರು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಚಾಚಾಗೂ ಕೇಳಿಸಿತು. ಎಣ್ಣೆ ಬಿಡಬೇಕಾದವಳು ನಾನು ಎಂದು ಅನ್ನಲು ನಾಲ್ಕು ಮಾತು ಸಾಕಿತ್ತು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಒಳಗೆ ಹೋದೆ.

ಮರುದಿನ ಅಣ್ಣನ ಜೊತೆ ತವರಿಗೆ ಹೋದೆ. ಉಂಡಿ ತಿಂದೆ. ಜೋಕಾಲಿಯೂ ಆಡಿದೆ... ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಆಡಿದ್ದು ಹೌದು.

ಹದಿನೈದು ದಿನ ಬಿಟ್ಟು ಬರುವಷ್ಟರಲ್ಲಿ ಮಾವನವರು ಬೇರೆ ಮಿಸ್ತ್ರಿಯನ್ನು ಇಟ್ಟಿದ್ದರು. ಚಾಚಾ ಹೆಂಡತಿಯನ್ನು ಕರೆದುಕೊಂಡು ಸಿಂಧನೂರಿನ ಕಡೆ ಹೋದರೆಂದು ತಿಳಿಯಿತು. ಇಂಜಿನ್ ಸುಟ್ಟ ಮಿಸ್ತ್ರಿ ಎಂಬ ಹೆಸರು ಅವರಿಗಿಂತ ಮೊದಲೇ ಹೋಗಿ ಅಲ್ಲಿಗೆ ಮುಟ್ಟಿತ್ತು. ಯಾವ ಗಿರಣಿಯವರೂ ಸೇರಿಸಲಿಲ್ಲವಂತೆ. ಕಡೆಗೆ ಕಾಲುವೆ ತೋಡುವ ಕಡೆ ಮಣ್ಣು ಹೊರುತ್ತಿದ್ದಾರೆ ಎಂದು ನನ್ನ ಗಂಡನೇ ಒಮ್ಮೆ ಬಂದು ಹೇಳಿದರು, ಪಾಪ ಎಂದರು. ಊಟಕ್ಕೆ ಬಡಿಸುತ್ತಿದ್ದೆ. ಹೂಂ ಎಂದೆ.

ಬೇವಿನ ಮರದ ಹತ್ತಿರ ಹೋಗಿ ನೋಡಿದಾಗ ಡಬ್ಬಿ ಅಲ್ಲೇ ಇತ್ತು. ಮುಚ್ಚಳ ತೆಗೆದರೆ ಖಾಲಿ. ಅಮಾವಾಸ್ಯೆಯ ದಿನವೇ ಉಜ್ಜಿ ತೊಳೆದು ಇಟ್ಟಿದ್ದರು. ಹೊಸ ಮಿಸ್ತ್ರಿ ಪಂಪಿಗೆ ಏನು ಹಚ್ಚುತ್ತಾನೆ ಎಂದು ನಾನು ಕೇಳಲಿಲ್ಲ.

ಎರಡು ಮೂರು ವರ್ಷದ ಮೇಲೆ ನಾವೂ ಸಿಂಧನೂರಿಗೆ ಬಂದು ಮನೆ ಮಾಡಿದೆವು. ಸಂತೆಯ ದಾರಿಯಲ್ಲಿ ಕಂದೀಲು, ಸ್ಟೋವು ರಿಪೇರಿ ಮಾಡುತ್ತ ಗೋಣಿತಟ್ಟಿನ ಮೇಲೆ ಒಬ್ಬರು ಕೂತಿದ್ದರು. ಮುಖಕ್ಕಿಂತ ಮೊದಲು ಅಂಗೈ ಗುರುತಾಯಿತು. ಕಂಕುಳಲ್ಲಿ ಮಗ ಇದ್ದ. ಚಾಚಾ ಮಗುವಿನ ಗಲ್ಲ ಮುಟ್ಟಲು ಕೈ ಮುಂದೆ ಮಾಡಿ, ಸೀಮೆಎಣ್ಣೆಯ ಕೈ ಎಂದು ಹಿಂದಕ್ಕೆ ತೆಗೆದುಕೊಂಡರು. ಮಾವನವರು ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ, ಯಾರಿಗೂ ಕೇಳಿಸಬಾರದೆಂಬ ಹಾಗೆ ದನಿ ತಗ್ಗಿಸಿ, "ನೀರು ಸರಿಯಾಗಿ ಬರ್ತಾವೇನ್ರಿ ಅವ್ವಾರ? ಯಾರರ ಕೈ ಹಿಡದು ನೋಡ್ತಾರೇನು?" ಎಂದರು.

ಬರ್ತಾವ ಚಾಚಾ, ನೋಡ್ತಾರ ಎಂದೆ. ಆ ಶುಕ್ರವಾರದ ಮೇಲೆ ನಾನು ಆ ಪಂಪಿನ ಹತ್ತಿರ ಹಾಯ್ದಿರಲಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ಸಂತೆಗೆ ಹೇಳೋಣ, ಇವತ್ತು ಮಗು ಅಳುತ್ತಿದೆ ಎಂದುಕೊಂಡೆ. ಮಗು ಅಳುತ್ತಿರಲಿಲ್ಲ. ಎಷ್ಟೋ ಸಂತೆ ಕಳೆದು ಹೋದವು; ದಾರಿ ಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡೆ. ಒಂದು ದಿನ ಧೈರ್ಯ ಮಾಡಿ ಹೋದಾಗ ಆ ಗೋಣಿತಟ್ಟಿನ ಜಾಗದಲ್ಲಿ ಬಾಳೆಹಣ್ಣಿನವಳು ಕೂತಿದ್ದಳು. ಅಜ್ಜ ತೀರಿಹೋಗಿ ತಿಂಗಳಾಯಿತು ಎಂದಳು.

ಮೊನ್ನೆ ಮೆಕ್ಯಾನಿಕ್ ಕೊನೆಯ ತುಂಡನ್ನೂ ಕಿತ್ತು ಹಾಕಿ, ಕೈ ಒರೆಸಿಕೊಳ್ಳುತ್ತ ಎಲ್ಲರ ಕಡೆ ನೋಡಿದ. "ಯಾರ್ರಿ ಇದನ್ನ ಒಣಗಿಸಿದವ್ರು? ನಾಕು ಹನಿ ಎಣ್ಣಿ ಬಿಟ್ಟಿದ್ರ ಹಿಂಗಾಗ್ತಿರಲಿಲ್ಲ."

ಗದ್ದೆ ನೋಡಿಕೊಳ್ಳುವವನು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ, ಐವತ್ತರ ಮನುಷ್ಯ. ಕನ್ನಡ ಅವನಿಗೆ ಅಷ್ಟಕ್ಕಷ್ಟೇ. ಮಗ, ಮೆಕ್ಯಾನಿಕ್, ಬದುವಿನ ಮೇಲೆ ನಿಂತಿದ್ದ ಪಕ್ಕದ ಗದ್ದೆಯವರು, ಎಲ್ಲರ ಕಣ್ಣೂ ಅವನ ಕಡೆ ತಿರುಗಿದವು. ಅವನು ನೆಲ ನೋಡಿದ.

"ನಾ ಒಣಗಿಸಿದ್ದು" ಎಂದೆ.

ಎಲ್ಲರೂ ನಕ್ಕರು. ನೀ ಈ ಗದ್ದಿಗೆ ಬಂದು ಒಂದು ವರ್ಷ ಆತಲ್ಲವ್ವ, ಬಿಸಿಲು ಹತ್ತೈತೇನು ಎಂದು ಮಗ ತಲೆಯ ಮೇಲೆ ಸೆರಗು ಹೊದಿಸಿದ. ಮೆಕ್ಯಾನಿಕ್ ಹೊಸ ಹಗ್ಗ ಸುತ್ತಿ, ಗ್ರೀಸು ಹಚ್ಚಿ, ಇಂಜಿನ್ ಶುರು ಮಾಡಿದ. ಕೆಮ್ಮಿ ಕೆಮ್ಮಿ ನೀರು ಬಂತು. ನಾನು ಎದ್ದು ಹೋಗಿ ಬೀಳುವ ನೀರಿಗೆ ಅಂಗೈ ಒಡ್ಡಿದೆ. ಇನ್ನೊಮ್ಮೆ ಅದನ್ನೇ ಹೇಳಿದೆ, ನಾನೇ ಒಣಗಿಸಿದ್ದು ಚಾಚಾ ಎಂದು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.